ಸಮವಸ್ತ್ರದೊಳಗಿನ ‘ಸಮ’



ದಾಬೋಲಿಂ ಕಡೆಯಿಂದ ಏರುವ ವಿಮಾನಗಳ ಸದ್ದು ಸಾಂಕೋಲೆಯ ನಮ್ಮ ಮಕ್ಕಳಿಗೆ ಹೊಸದಲ್ಲ. ಪಾಠದ ನಡುವೆ ಆ ಸದ್ದು ಕೇಳಿದೊಡನೆ ಕಿಟಕಿಯ ಪಕ್ಕದ ಸಾಲಿನವರ ಕಣ್ಣುಗಳು ಪುಸ್ತಕವನ್ನು ಬಿಟ್ಟು ಆಕಾಶಕ್ಕೆ ಹೋಗುವುದನ್ನು ನಾನು ದಿನವೂ ಕಾಣುತ್ತೇನೆ. ಕಂಡೂ ಕಾಣದಂತೆ ಇದ್ದುಬಿಡುತ್ತೇನೆ. ಅಲ್ಲಿರುವ ‘ಐ. ಎನ್. ಎಸ್. ಹಂಸ’ ನಮ್ಮ ನೌಕಾಸೇನೆಯ ವಿಮಾನ ನೆಲೆ. ಅದು ೧೯೬೧ರಲ್ಲಿ ಕೊಯಮತ್ತೂರಿನಲ್ಲಿ ಆರಂಭವಾಗಿ ೧೯೬೪ರಲ್ಲಿ ದಾಬೋಲಿಮ್ಮಿಗೆ ಬಂದಿತು. ಆ ೧೯೬೧ರ ಡಿಸೆಂಬರಿನಲ್ಲಿಯೇ ಗೋವೆಯ ವಿಮೋಚನೆಯೂ ಆಯಿತು. ಮುರ್ಗಾಂವ್ ಬಂದರಿನಲ್ಲಿ ನಮ್ಮ ಯುದ್ಧನೌಕೆಗಳು ಪೋರ್ಚುಗೀಸರ ನೌಕೆಯೊಡನೆ ಹೋರಾಡಿದವು. ಕಾರವಾರದೆದುರಿನ ಅಂಜದೀವ ದ್ವೀಪವನ್ನು ಬಿಡಿಸುವಾಗ ನಮ್ಮ ಏಳು ಮಂದಿ ನಾವಿಕರು ಪ್ರಾಣ ತೆತ್ತರು. ಹೀಗಿರಲು, ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳಗಳ ಕಡೆಯಿಂದ ದುಡಿಮೆಗಾಗಿ ಬಂದು ಇಲ್ಲಿ ನೆಲೆಸಿದ ನಮ್ಮವರ ಮಕ್ಕಳು ಸೇನೆಯ ಕನಸು ಕಾಣುವುದು ಸಹಜವೇ ಸರಿ.

ಕಳೆದ ವರ್ಷ ಏಳನೆಯ ತರಗತಿಯಲ್ಲಿ, “ಮುಂದೆ ಏನಾಗಬೇಕೆಂದಿದ್ದೀರಿ?” ಎಂದು ಕೇಳಿದಾಗ ಅರ್ಧದಷ್ಟು ಕೈಗಳು ಸೇನೆಗೆಂದು ಮೇಲೆದ್ದವು. ಆಗ ಹಿಂದಿನ ಬೆಂಚಿನ ಒಬ್ಬ ಬಾಲಿಕೆ ಎದ್ದುನಿಂತು, “ಗುರುಗಳೇ, ಸೇನೆಗೆ ಎಲ್ಲರೂ ಸೇರಬಹುದೇ? ಗಂಡಸರೂ ಹೆಂಗಸರೂ ಸೇರುತ್ತಾರೆ, ಅದು ಗೊತ್ತು. ನಮ್ಮೂರ ಜಾತ್ರೆಗೆ ಬರುತ್ತಾರಲ್ಲ, ಜೋಗಪ್ಪನವರು, ಅಂಥವರು?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ. ನಾನು “ನಾಳೆ ಹೇಳುತ್ತೇನೆ, ಕುಳಿತುಕೋ” ಎಂದೆನು. ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ ಎಂಬುದೇ ನಿಜ. ಆ ಮರುದಿನದ ಪಾಠವನ್ನು ಈಗ ಎಲ್ಲರಿಗಾಗಿ ಬರೆಯುತ್ತಿದ್ದೇನೆ.

೧. ಸಮವಸ್ತ್ರ ಏಕೆ?

ಮೊದಲು ಸಮವಸ್ತ್ರ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಎಲ್ಲರಿಗೂ ಸಮನಾದ ವಸ್ತ್ರ ಎಂದು ಅದರ ಅರ್ಥ. ಶ್ರೀಮಂತರ ಮಗನಿಗೂ ಕೂಲಿಯವರ ಮಗನಿಗೂ ಶಾಲೆಯಲ್ಲಿ ಒಂದೇ ಬಣ್ಣದ ಅಂಗಿ ಇರುವುದರ ಉದ್ದೇಶವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸೇನೆಯ ಸಮವಸ್ತ್ರಕ್ಕೆ ಇನ್ನೂ ಕೆಲವು ಕಾರಣಗಳುಂಟು. ಅದಕ್ಕೆ ಸಂಬಂಧಿಸಿದ ನಿಯಮಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರೆ ಮುಂದಿನ ವಿಚಾರ ಸುಲಭವಾಗುತ್ತದೆ.

ಮೊದಲನೆಯದು ಸುರಕ್ಷತೆಯ ನಿಯಮ. ವಿಷಾನಿಲದಿಂದ ಕಾಪಾಡುವ ಮುಖವಾಡವು ಗಡ್ಡವಿದ್ದ ಮುಖಕ್ಕೆ ಬಿಗಿಯಾಗಿ ಅಂಟುವುದಿಲ್ಲ. ತಿರುಗುವ ಯಂತ್ರದ ಬಳಿ ಬಿಟ್ಟ ಕೂದಲು ಪ್ರಾಣಕ್ಕೆ ಅಪಾಯ. ಎರಡನೆಯದು ಗುರುತಿನ ನಿಯಮ. ಯುದ್ಧದಲ್ಲಿ ಸೈನಿಕನು ಯಾರು, ಸಾಮಾನ್ಯ ಪ್ರಜೆ ಯಾರು ಎಂಬುದು ದೂರದಿಂದಲೇ ತಿಳಿಯಬೇಕೆಂದು ಯುದ್ಧಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಕಾನೂನು ವಿಧಿಸುತ್ತದೆ. ಇದರಿಂದ ಹೊಲದಲ್ಲಿ ಉಳುತ್ತಿರುವ ರೈತನ ಜೀವ ಉಳಿಯುತ್ತದೆ. ಮೂರನೆಯದು ಒಗ್ಗಟ್ಟಿನ ನಿಯಮ. ನಾನಾ ಭಾಷೆ, ನಾನಾ ಜಾತಿ, ನಾನಾ ಮತಗಳಿಂದ ಬಂದವರು ಒಂದೇ ಉಡುಪಿನಲ್ಲಿ ನಿಂತಾಗ, ಪಕ್ಕದವನು ತನ್ನವನೆಂಬ ಭಾವನೆ ಹುಟ್ಟುತ್ತದೆ. ನಾಲ್ಕನೆಯದು ವಾಡಿಕೆಯ ನಿಯಮ. ಹಿಂದಿನಿಂದ ಹಾಗೆ ನಡೆದುಬಂದಿದೆ, ಆದುದರಿಂದ ಈಗಲೂ ಹಾಗೆಯೇ ನಡೆಯುತ್ತಿದೆ ಎಂಬುದರ ಹೊರತು ಇದಕ್ಕೆ ಬೇರೆ ಕಾರಣವಿರುವುದಿಲ್ಲ.

ಮೊದಲಿನ ಮೂರು ಬಗೆಯ ನಿಯಮಗಳನ್ನು ಯಾರೂ ಹಗುರವಾಗಿ ಕಾಣಬಾರದು. ಸೇನೆಯಲ್ಲಿ ಸೇರಿದವನು ತನ್ನ ಇಚ್ಛೆಯ ಕೆಲವು ಭಾಗವನ್ನು ಬಿಟ್ಟುಕೊಟ್ಟೇ ಸೇರುತ್ತಾನೆ. ನಮ್ಮ ಸಂವಿಧಾನದ ೩೩ನೆಯ ಅನುಚ್ಛೇದವು, ಸೇನೆಯವರಿಗೆ ಮೂಲಭೂತ ಹಕ್ಕುಗಳು ಎಷ್ಟರ ಮಟ್ಟಿಗೆ ಅನ್ವಯಿಸಬೇಕೆಂಬುದನ್ನು ಕಾನೂನಿನ ಮೂಲಕ ಗೊತ್ತುಪಡಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಧರ್ಮದ ಕಾರಣದಿಂದ ಗಡ್ಡ ಬಿಡಲು ಅನುಮತಿ ಬೇಡಿದ ವಾಯುಸೇನೆಯ ಸಿಬ್ಬಂದಿಯೊಬ್ಬರ ಮನವಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೬ರ ಡಿಸೆಂಬರಿನಲ್ಲಿ ಒಪ್ಪಲಿಲ್ಲ. ಸೇನೆಯ ಏಕರೂಪತೆ, ಶಿಸ್ತುಗಳಿಗೆ ಪ್ರಾಶಸ್ತ್ಯ ಕೊಟ್ಟಿತು. ಅದೇ ಸಮಯಕ್ಕೆ, ಸಿಖ್ ಸೈನಿಕರು ಕೇಶವನ್ನೂ ಗಡ್ಡವನ್ನೂ ಉಳಿಸಿಕೊಂಡು, ತಮ್ಮ ರೆಜಿಮೆಂಟಿನ ಬಿಲ್ಲೆಯನ್ನು ಮುಂಡಾಸಿಗೇ ಸಿಕ್ಕಿಸಿಕೊಂಡು ಕವಾಯತಿಗೆ ನಿಲ್ಲುತ್ತಾರೆ. ಅವರ ಮುಂಡಾಸಿನಿಂದ ಭಾರತದ ಸೇನೆಯ ಒಗ್ಗಟ್ಟು ಮುರಿಯಿತೆಂದು ಯಾರೂ ಹೇಳಿಲ್ಲ. ಇದರ ತಾತ್ಪರ್ಯವೇನು? ಸಮ ಎಂದರೆ ಎಲ್ಲರೂ ಅಚ್ಚಿಗೆ ಹೊಯ್ದ ಇಟ್ಟಿಗೆಗಳಂತೆ ಇರಬೇಕೆಂದಲ್ಲ. ನಿಯಮವಿರಲಿ, ಆದರೆ ಅದು ಯಾವ ಕೆಲಸಕ್ಕಾಗಿ ಇದೆ ಎಂಬ ಪ್ರಶ್ನೆಗೆ ಉತ್ತರ ಕೊಡುವಂತಿರಲಿ.

೨. ಲಿಂಗತ್ವವೆಂದರೇನು?

ಮಗು ಹುಟ್ಟಿದಾಗ ಸೂಲಗಿತ್ತಿಯೋ ವೈದ್ಯರೋ ಅದರ ದೇಹವನ್ನು ನೋಡಿ ಗಂಡು ಅಥವಾ ಹೆಣ್ಣು ಎನ್ನುತ್ತಾರೆ. ಬಹುಮಂದಿಯ ವಿಷಯದಲ್ಲಿ ದೇಹದ ಗುರುತೂ ಮನಸ್ಸಿನ ಅರಿವೂ ಒಂದೇ ಆಗಿರುತ್ತವೆ. ಕೆಲವರಲ್ಲಿ ಮಾತ್ರ ಹಾಗಿರುವುದಿಲ್ಲ. ಗಂಡು ಎಂದು ಬರೆಸಲ್ಪಟ್ಟವರು ತಾವು ಹೆಣ್ಣೆಂದು ಒಳಗಿನಿಂದ ಅರಿಯುವುದುಂಟು. ಹೆಣ್ಣೆಂದು ಬರೆಸಲ್ಪಟ್ಟವರು ಗಂಡೆಂದು ಅರಿಯುವುದುಂಟು. ಎರಡರಲ್ಲಿಯೂ ಸೇರದವರೂ ಉಂಟು. ಈ ಅರಿವಿಗೆ ಲಿಂಗತ್ವದ ಗುರುತು ಎಂದು ಹೆಸರು. ಇಂಥವರನ್ನು ಲಿಂಗತ್ವ ಅಲ್ಪಸಂಖ್ಯಾತರೆಂದು ಈಗ ಕರೆಯುತ್ತಾರೆ. ಇದು ರೋಗವಲ್ಲ, ಚಟವಲ್ಲ, ಯಾರೋ ಕಲಿಸಿದ ಪಾಠವೂ ಅಲ್ಲ. ೨೦೧೧ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬುವುಗಳ ಜೊತೆಗೆ ‘ಇತರೆ’ ಎಂಬ ಕಾಲಂ ಇದ್ದಾಗ, ಅದರಲ್ಲಿ ಲೆಕ್ಕಕ್ಕೆ ಬಂದವರು ದೇಶದಲ್ಲಿ ಸುಮಾರು ೪ ಲಕ್ಷ ೮೮ ಸಾವಿರ ಮಂದಿ. ಹೇಳಿಕೊಳ್ಳಲು ಅಂಜಿದವರು ಎಷ್ಟು ಮಂದಿಯೋ, ಅವರು ಆ ಲೆಕ್ಕದ ಹೊರಗೆ.

ನಮ್ಮ ಕಡೆಯವರಿಗೆ ಈ ಸಂಗತಿ ಅಪರಿಚಿತವಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರೆಲ್ಲರೂ ಜೋಗಪ್ಪನವರನ್ನು ಕಂಡಿದ್ದಾರೆ. ತಲೆಯ ಮೇಲಿನ ಕೊಡಕ್ಕೆ ಕೈಮುಗಿದಿದ್ದಾರೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಆ ಪರಂಪರೆಯ ನೃತ್ಯವನ್ನು ನಾಡಿಗೆಲ್ಲ ತೋರಿಸಿದರು, ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ೨೦೨೧ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದರು. ಗುಡ್ಡದ ಮೇಲೆ ಕೈಮುಗಿಯುವ ನಾವು ಗುಡ್ಡ ಇಳಿದ ಮೇಲೆ ಅವರಿಗೆ ಕೆಲಸ ಕೊಡುತ್ತೇವೆಯೇ, ಬಾಡಿಗೆಗೆ ಮನೆ ಕೊಡುತ್ತೇವೆಯೇ ಎಂಬುದನ್ನು ಪೋಷಕರು ತಮ್ಮಷ್ಟಕ್ಕೆ ಕೇಳಿಕೊಳ್ಳಲಿ.

ಇನ್ನು ಮಹಾಭಾರತವನ್ನು ನೋಡಿರಿ. ಶಿಖಂಡಿ ಎಂಬ ಹೆಸರನ್ನು ನಮ್ಮ ಮಕ್ಕಳು ಆಟದ ಬಯಲಿನಲ್ಲಿ ಬೈಗುಳವಾಗಿ ಬಳಸುವುದನ್ನು ನಾನು ಕೇಳಿದ್ದೇನೆ. ಶಿಖಂಡಿ ಯಾರು? ದ್ರುಪದನ ಮಗಳಾಗಿ ಹುಟ್ಟಿ, ಮಗನಾಗಿ ಬೆಳೆದು, ದ್ರೋಣಾಚಾರ್ಯರಲ್ಲಿ ಶಸ್ತ್ರವಿದ್ಯೆ ಕಲಿತು, ಯಕ್ಷನಿಂದ ಪುರುಷತ್ವ ಪಡೆದವನು. ಪಾಂಡವರ ಏಳು ಅಕ್ಷೌಹಿಣಿ ಸೇನೆಗೆ ಏಳು ಮಂದಿ ನಾಯಕರನ್ನು ನೇಮಿಸಿದಾಗ ಅವರಲ್ಲಿ ಶಿಖಂಡಿಯೂ ಒಬ್ಬನು. ಒಂದು ಅಕ್ಷೌಹಿಣಿಯನ್ನು ನಡೆಸಿದ ವೀರನ ಹೆಸರು ನಮ್ಮ ಬಾಯಲ್ಲಿ ಬೈಗುಳವಾಯಿತೆಂದರೆ, ಕೊರತೆಯು ಆ ವೀರನದೋ ನಮ್ಮದೋ? ಬೃಹನ್ನಳೆಯ ಕಥೆಯನ್ನೂ ಕೆಲವರು ಈ ಸಂದರ್ಭದಲ್ಲಿ ಹೇಳುವುದುಂಟು. ಆದರೆ ಅರ್ಜುನನದು ಒಂದು ವರ್ಷದ ಅಜ್ಞಾತವಾಸದ ರೂಪ. ಅವಧಿ ಮುಗಿದೊಡನೆ ಅವನು ಅದನ್ನು ಬಿಟ್ಟನು. ನಾವು ಈಗ ಮಾತನಾಡುತ್ತಿರುವವರಿಗೆ ಲಿಂಗತ್ವವು ವೇಷವಲ್ಲ. ಬನ್ನಿಮರದ ಪೊಟರೆಯಲ್ಲಿಟ್ಟು ಬೇಕಾದಾಗ ತೆಗೆದುಕೊಳ್ಳುವ ವಸ್ತುವಲ್ಲ.

೩. ಸ್ತ್ರೀಯರಿಗೆ ಬಾಗಿಲು ತೆರೆದ ಬಗೆ

ಸೇನೆಯಲ್ಲಿ ಯಾರಿರಬೇಕೆಂಬ ನಿಯಮವು ಎಂದೂ ಬದಲಾಗದ ಶಿಲಾಶಾಸನವೆಂದು ತಿಳಿಯಬಾರದು. ಚಿತ್ರದುರ್ಗದ ಕೋಟೆಯ ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವನಿಗೆ ಸಮವಸ್ತ್ರವನ್ನು ಯಾರೂ ಹೊಲಿಸಿಕೊಟ್ಟಿರಲಿಲ್ಲ. ೧೮೨೪ರಲ್ಲಿ ಕಿತ್ತೂರಿನ ಚೆನ್ನಮ್ಮ ರಾಣಿಯು ಇಂಗ್ಲಿಷರನ್ನು ಎದುರಿಸಿದಾಗ ಆಕೆ ಯುದ್ಧಕ್ಕೆ ಅರ್ಹಳೇ ಎಂದು ಯಾರ ಅನುಮತಿಯನ್ನೂ ಕೇಳಲಿಲ್ಲ. ಆದರೂ ಸ್ವತಂತ್ರ ಭಾರತದ ೧೯೫೦ರ ಸೇನಾ ಕಾಯ್ದೆಯೂ ೧೯೫೭ರ ನೌಕಾಸೇನಾ ಕಾಯ್ದೆಯೂ, ಸರ್ಕಾರವು ಪ್ರತ್ಯೇಕವಾಗಿ ಪ್ರಕಟಿಸಿದ ವಿಭಾಗಗಳ ಹೊರತು ಬೇರೆಲ್ಲಿಯೂ ಸ್ತ್ರೀಯರು ಸೇರಲು ಅರ್ಹರಲ್ಲವೆಂದು ವಿಧಿಸಿದವು. ದಾದಿಯರಾಗಿ, ವೈದ್ಯರಾಗಿ ಅವರಿದ್ದರು. ೧೯೯೨ರ ಸುಮಾರಿಗೆ ಅಧಿಕಾರಿಗಳಾಗಿ ಬೇರೆ ಕೆಲವು ವಿಭಾಗಗಳಿಗೂ ಸೇರತೊಡಗಿದರು. ಅದೂ ಅಲ್ಪಾವಧಿಯ ಸೇವೆಗೆ ಮಾತ್ರ.

ಶಾಶ್ವತ ಸೇವೆಗಾಗಿ ಅವರು ನ್ಯಾಯಾಲಯಕ್ಕೆ ಹೋಗಬೇಕಾಯಿತು. ೨೦೨೦ರ ಫೆಬ್ರವರಿ ೧೭ರಂದು ಭೂಸೇನೆಯ ವಿಷಯದಲ್ಲಿಯೂ ಮಾರ್ಚ್ ೧೭ರಂದು ನೌಕಾಸೇನೆಯ ವಿಷಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಸ್ತ್ರೀಯರ ಪರವಾಗಿ ತೀರ್ಪಿತ್ತಿತು. ನೌಕಾಸೇನೆಯ ಮೊಕದ್ದಮೆಯಲ್ಲಿ ಬಂದ ವಾದಗಳಲ್ಲಿ ಒಂದನ್ನು ನೀವು ನೆನಪಿಟ್ಟುಕೊಳ್ಳಬೇಕು: ರಷ್ಯದಲ್ಲಿ ಕಟ್ಟಿದ ಕೆಲವು ಹಡಗುಗಳಲ್ಲಿ ಹೆಂಗಸರಿಗೆ ಸ್ನಾನಗೃಹಗಳಿಲ್ಲ, ಆದುದರಿಂದ ಅವರನ್ನು ಸಮುದ್ರದ ಕೆಲಸಕ್ಕೆ ಕಳುಹಿಸಲಾಗದು ಎಂಬುದೇ ಆ ವಾದ. ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಹಡಗನ್ನು ಕಟ್ಟುವಾಗ ಗಂಡಸರನ್ನು ಮಾತ್ರ ನೆನೆದರು. ಅನಂತರ ಆ ಹಡಗನ್ನೇ ತೋರಿಸಿ, ಇಲ್ಲಿ ಗಂಡಸರಿಗೆ ಮಾತ್ರ ಸ್ಥಳವಿದೆ ಎಂದರು. ಚಿಕ್ಕ ಬಾಗಿಲಿನ ಮನೆ ಕಟ್ಟಿ, ಎತ್ತರದವನನ್ನು ‘ನಿನ್ನ ತಲೆಯೇ ತಪ್ಪು’ ಎಂದಂತೆ ಇದು.

೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಖಡಕವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ಹುಡುಗಿಯರು ಕುಳಿತುಕೊಳ್ಳುವಂತಾಯಿತು. ೨೦೨೨ರಲ್ಲಿ ಅವರು ಸೇರಿದರು. ೨೦೨೫ರ ಮೇ ೩೦ರಂದು ಮೊದಲ ತಂಡದ ೧೭ ಮಂದಿ ತರಬೇತಿ ಮುಗಿಸಿ ಹೊರಬಂದರು. ಬಾಗಿಲು ತೆರೆದ ಕಾರಣ ಅಳತೆಯನ್ನು ಬಿಟ್ಟುಬಿಟ್ಟರೆಂದು ತಿಳಿಯಬೇಡಿರಿ. ಓಟವಿತ್ತು, ಈಜು ಇತ್ತು, ಪರೀಕ್ಷೆಯಿತ್ತು. ಅಳತೆಗೋಲು ಉಳಿಯಿತು; ಅಳತೆಗೆ ನಿಲ್ಲಲು ಎಲ್ಲರಿಗೂ ಅವಕಾಶ ದೊರೆಯಿತು.

೪. ೨೦೧೭ನೆಯ ಇಸವಿಯ ಎರಡು ಘಟನೆಗಳು

ಈಗ ನಮ್ಮ ಪಾಠದ ಮುಖ್ಯ ಭಾಗಕ್ಕೆ ಬರೋಣ. ೨೦೧೭ರಲ್ಲಿ ಒಂದು ತಿಂಗಳ ಅಂತರದಲ್ಲಿ ನಮ್ಮ ನೌಕಾಸೇನೆಯಲ್ಲಿಯೇ ನಡೆದ ಎರಡು ಸಂಗತಿಗಳಿವೆ.

ಮೊದಲನೆಯದು ನಮ್ಮ ಗೋವೆಯದು. ದಿವಾಡಿ ದ್ವೀಪದಲ್ಲಿ ಕಟ್ಟಲಾದ ‘ತಾರಿಣಿ’ ಎಂಬ ಹಾಯಿಹಡಗು, ಸುಮಾರು ೫೬ ಅಡಿ ಉದ್ದದ್ದು, ಆ ವರ್ಷದ ಸೆಪ್ಟೆಂಬರ್ ೧೦ರಂದು ಪಣಜಿಯ ಕಡೆಯಿಂದ ಹೊರಟಿತು. ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಅದರಲ್ಲಿದ್ದವರು ಆರು ಮಂದಿ, ಆರೂ ಮಂದಿ ಸ್ತ್ರೀಯರು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳನ್ನು ಮುಟ್ಟಿ, ದಕ್ಷಿಣ ಅಮೆರಿಕೆಯ ತುದಿಯ ಹಾರ್ನ್ ಭೂಶಿರದ ಭಯಂಕರವಾದ ಅಲೆಗಳನ್ನು ದಾಟಿ, ಆಫ್ರಿಕೆಯ ಕೇಪ್‌ಟೌನ್ ಮಾರ್ಗವಾಗಿ ೨೦೧೮ರ ಮೇ ೨೧ರಂದು ಅವರು ಗೋವೆಗೆ ಮರಳಿದರು. ಒಟ್ಟು ೨೫೪ ದಿನ. ಸುಮಾರು ೨೧,೬೦೦ ನಾವಿಕ ಮೈಲಿ. ಅದೇ ತಾರಿಣಿಯಲ್ಲಿ ದಿಲ್ನಾ ಕೆ. ಮತ್ತು ರೂಪಾ ಎ. ಎಂಬ ಇಬ್ಬರೇ ಅಧಿಕಾರಿಗಳು ೨೦೨೪ರ ಅಕ್ಟೋಬರ್ ೨ರಂದು ಹೊರಟು, ಭೂಮಂಡಲವನ್ನು ಸುತ್ತಿ, ೨೦೨೫ರ ಮೇ ೨೯ರಂದು ನಮ್ಮದೇ ತಾಲೂಕಿನ ಮುರ್ಗಾಂವ್ ಬಂದರಿಗೆ ಬಂದಿಳಿದರು.

ಎರಡನೆಯ ಸಂಗತಿ ವಿಶಾಖಪಟ್ಟಣದ್ದು. ತಾರಿಣಿಯು ಇನ್ನೂ ಸಮುದ್ರದಲ್ಲಿದ್ದಾಗಲೇ, ೨೦೧೭ರ ಅಕ್ಟೋಬರಿನಲ್ಲಿ, ಅಲ್ಲಿನ ನೌಕಾಸೇನಾ ಕೇಂದ್ರದ ಒಬ್ಬ ನಾವಿಕರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ೨೦೧೦ರಲ್ಲಿ ಗಂಡಸರಾಗಿ ಸೇನೆಗೆ ಸೇರಿ, ಹಡಗಿನ ಯಂತ್ರಗಳ ವಿಭಾಗದಲ್ಲಿ ದುಡಿದವರು ಅವರು. ತಾವು ಹೆಣ್ಣೆಂಬ ಅರಿವು ಅವರೊಳಗಿತ್ತು. ರಜೆಯಲ್ಲಿದ್ದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಹೆಣ್ಣಾಗಿ ಕೆಲಸಕ್ಕೆ ಮರಳಿದರು. ಅವರ ಹೆಸರನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ನಾವು ಬರೆಯುವುದು ಬೇಡ. ನೌಕಾಸೇನೆಯು ಕೊಟ್ಟ ಕಾರಣದ ಸಾರಾಂಶವಿಷ್ಟು: ಭರ್ತಿಯಾದಾಗ ಇದ್ದ ಲಿಂಗವನ್ನು ಅವರು ತಮ್ಮ ಇಚ್ಛೆಯಿಂದ ಬದಲಾಯಿಸಿಕೊಂಡರು, ಅದರಿಂದ ಭರ್ತಿಯ ನಿಯಮದ ಭಂಗವಾಯಿತು, ಇರುವ ನಿಯಮಗಳ ಪ್ರಕಾರ ಅವರನ್ನು ಮುಂದುವರಿಸಲು ಅವಕಾಶವಿಲ್ಲ.

ಇಲ್ಲಿ ಸ್ವಲ್ಪ ನಿಧಾನಿಸಿ ಯೋಚಿಸಿರಿ. ಆಗ ನಾವಿಕರ ಹುದ್ದೆಗಳಿಗೆ ಸ್ತ್ರೀಯರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅವರು ಅಧಿಕಾರಿಗಳಾಗಿ ಮಾತ್ರ ಸೇರಬಹುದಾಗಿತ್ತು. ಆದುದರಿಂದ ಗಂಡಿನ ಕಾಲಮ್ಮಿನಿಂದ ಹೊರಬಂದ ಆ ನಾವಿಕರಿಗೆ ಹೋಗಿ ನಿಲ್ಲಲು ಬೇರೊಂದು ಕಾಲಂ ಇರಲಿಲ್ಲ. ಮೊದಲ ಸ್ತ್ರೀ ನಾವಿಕರು, ಅಗ್ನಿವೀರರಾಗಿ, ಒಡಿಶಾದ ಐ. ಎನ್. ಎಸ್. ಚಿಲ್ಕಾದಲ್ಲಿ ತರಬೇತಿ ಮುಗಿಸಿದ್ದು ೨೦೨೩ರ ಮಾರ್ಚಿನಲ್ಲಿ. ಸೇನೆಯಿಂದ ಹೊರಬಿದ್ದ ಆ ವ್ಯಕ್ತಿ ಯಂತ್ರ ರಿಪೇರಿ ಮರೆತಿದ್ದರೆಂದು ಯಾರೂ ಹೇಳಲಿಲ್ಲ. ಏಳು ವರ್ಷ ಸೇವೆ ಮಾಡಿದ ಕೈ ಅದೇ ಕೈಯಾಗಿತ್ತು.

ಸೇನೆಯವರ ಕಡೆಯ ಮಾತನ್ನೂ ನಾವು ನ್ಯಾಯವಾಗಿ ಕೇಳಬೇಕು. ನಿಯಮವಿರುವಾಗ ಅಧಿಕಾರಿಯು ನಿಯಮದಂತೆಯೇ ನಡೆಯತಕ್ಕದ್ದು. ಮನಸ್ಸು ಬಂದಂತೆ ನಡೆದರೆ ಅದು ಸೇನೆಯಾಗಿ ಉಳಿಯುವುದಿಲ್ಲ. ಹಡಗಿನಲ್ಲಿ ತಿಂಗಳುಗಟ್ಟಲೆ ಇಕ್ಕಟ್ಟಿನಲ್ಲಿ ಬಾಳಬೇಕು. ಮಲಗುವ ಸ್ಥಳ, ಸ್ನಾನದ ಸ್ಥಳ, ಔಷಧೋಪಚಾರ ಎಲ್ಲಕ್ಕೂ ಮೊದಲೇ ಏರ್ಪಾಡು ಬೇಕು. ಇವು ಹುಸಿ ಪ್ರಶ್ನೆಗಳಲ್ಲ. ಆದರೆ ಏರ್ಪಾಡು ಬೇಕು ಎಂಬುದು ಒಂದು ಮಾತು. ಏರ್ಪಾಡಿಲ್ಲ, ಆದುದರಿಂದ ಮನುಷ್ಯನೇ ಬೇಡ ಎಂಬುದು ಇನ್ನೊಂದು ಮಾತು. ಗಾಯಗೊಂಡ ಅಥವಾ ಕಾಯಿಲೆಯಾದ ಸೈನಿಕರನ್ನು ವೈದ್ಯರು ಪರೀಕ್ಷಿಸಿ, ಅವರ ದೇಹಸ್ಥಿತಿಗೆ ತಕ್ಕ ಶ್ರೇಣಿ ನಿರ್ಧರಿಸಿ, ತಕ್ಕ ಕೆಲಸಕ್ಕೆ ಹಾಕುವ ಪದ್ಧತಿ ನಮ್ಮ ಸೇನೆಯಲ್ಲಿ ಬಹುಕಾಲದಿಂದ ಇದೆ. ಅದೇ ವಿವೇಕವನ್ನು ಇಲ್ಲಿಗೂ ತರಲು ಅಸಾಧ್ಯವೇನಿಲ್ಲ. ತಪ್ಪು ಒಬ್ಬ ಅಧಿಕಾರಿಯದೆಂದು ಹೇಳುವುದು ನನ್ನ ಉದ್ದೇಶವಲ್ಲ. ಎರಡೇ ಕಾಲಮ್ಮುಗಳ ಆ ನಮೂನೆ ಬದಲಾಗಬೇಕು ಎಂಬುದೇ ನನ್ನ ಅಭಿಪ್ರಾಯ.

೫. ಕಾನೂನೂ ಲೋಕವೂ

ಕಾನೂನು ಈ ದಿಕ್ಕಿನಲ್ಲಿ ಮೊದಲೇ ಹೆಜ್ಜೆಯಿಟ್ಟಿತ್ತು. ೨೦೧೪ರ ಏಪ್ರಿಲ್ ೧೫ರಂದು ಸರ್ವೋಚ್ಚ ನ್ಯಾಯಾಲಯವು, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಮೊಕದ್ದಮೆಯಲ್ಲಿ, ತೃತೀಯ ಲಿಂಗವನ್ನು ಮಾನ್ಯ ಮಾಡಿ, ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವುದು ಪ್ರತಿಯೊಬ್ಬರ ಘನತೆಗೆ ಸೇರಿದ್ದೆಂದು ಸಾರಿತು. ೨೦೧೯ರಲ್ಲಿ ಸಂಸತ್ತು ಅಂಗೀಕರಿಸಿದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಸಂರಕ್ಷಣಾ ಕಾಯ್ದೆಯು, ಭರ್ತಿಯಲ್ಲಾಗಲಿ ಬಡ್ತಿಯಲ್ಲಾಗಲಿ ಯಾವ ಸಂಸ್ಥೆಯೂ ಅವರಿಗೆ ಭೇದ ಮಾಡಕೂಡದೆಂದು ಹೇಳಿತು. ೨೦೨೦ರಲ್ಲಿ ಕೇಂದ್ರ ಗೃಹ ಸಚಿವಾಲಯವು, ಅರೆಸೇನಾ ಪಡೆಗಳ ಅಧಿಕಾರಿ ಹುದ್ದೆಗಳಿಗೆ ಅವರನ್ನು ತೆಗೆದುಕೊಳ್ಳುವ ಬಗ್ಗೆ ಆ ಪಡೆಗಳ ಅಭಿಪ್ರಾಯ ಕೇಳಿತು.

ಖಾಕಿ ತೊಡುವ ಪೊಲೀಸ್ ಇಲಾಖೆಯಲ್ಲಿ ಬದಲಾವಣೆ ಬೇಗನೆ ಬಂದಿತು. ನೆರೆಯ ತಮಿಳುನಾಡಿನಲ್ಲಿ ಪ್ರೀತಿಕಾ ಯಾಶಿನಿ ಎಂಬವರ ಅರ್ಜಿ ಮೊದಲು ತಿರಸ್ಕೃತವಾಗಿತ್ತು. ೨೦೧೫ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದ ತೀರ್ಪು ಅವರ ಪರವಾಗಿ ಬಂದು, ೨೦೧೭ರಲ್ಲಿ ಅವರು ಸಬ್ ಇನ್‌ಸ್ಪೆಕ್ಟರಾಗಿ ಕೆಲಸಕ್ಕೆ ಸೇರಿದರು. ನಮ್ಮ ಕರ್ನಾಟಕದ ಕಥೆ ಇನ್ನೂ ವಿಚಾರಾರ್ಹ. ೨೦೧೧ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ೩೬ಎ ಎಂಬ ಕಲಮನ್ನು ಸೇರಿಸಿ, ಇಂಥ ಜನರಲ್ಲಿ ಸಂಶಯಕ್ಕೊಳಗಾದವರ ಹೆಸರು, ವಿಳಾಸಗಳನ್ನು ಪೊಲೀಸರು ದಾಖಲೆಯಲ್ಲಿ ಬರೆದಿಡುವ ಅಧಿಕಾರ ಕೊಟ್ಟಿದ್ದರು. ಅದಕ್ಕೆ ವಿರೋಧ ಬಂದು, ಅವರನ್ನು ಹೆಸರಿಸಿದ್ದ ಪದವನ್ನು ಆಮೇಲೆ ತೆಗೆಯಬೇಕಾಯಿತು. ಹತ್ತು ವರ್ಷ ಕಳೆದು ೨೦೨೧ರಲ್ಲಿ ಅದೇ ರಾಜ್ಯವು, ದೇಶದಲ್ಲಿಯೇ ಮೊದಲನೆಯದಾಗಿ, ಸರ್ಕಾರದ ಹುದ್ದೆಗಳಲ್ಲಿ ಅವರಿಗೆ ಶೇಕಡ ೧ರಷ್ಟು ಮೀಸಲಾತಿಯನ್ನು ಕೊಟ್ಟಿತು. ಅದೇ ವರ್ಷ ಮೀಸಲು ಪೊಲೀಸ್ ಪಡೆಯ ಹುದ್ದೆಗಳಿಗೂ ಅವರಿಂದ ಅರ್ಜಿ ಕರೆಯಿತು. ಪೊಲೀಸರ ಸಂಶಯದ ಪಟ್ಟಿಯಲ್ಲಿದ್ದವರು ಪೊಲೀಸ್ ಹುದ್ದೆಯ ಅರ್ಜಿದಾರರ ಪಟ್ಟಿಗೆ ಬಂದರು. ಜನ ಬದಲಾಗಿರಲಿಲ್ಲ, ಬದಲಾದದ್ದು ನಿಯಮ.

ಎನ್. ಸಿ. ಸಿ. ಸೇರುವ ಆಸೆಯುಳ್ಳ ಮಕ್ಕಳು ಇದನ್ನೂ ತಿಳಿಯಬೇಕು. ೧೯೪೮ರ ಎನ್. ಸಿ. ಸಿ. ಕಾಯ್ದೆಯು ಗಂಡು ವಿದ್ಯಾರ್ಥಿಗಳನ್ನೂ ಹೆಣ್ಣು ವಿದ್ಯಾರ್ಥಿಗಳನ್ನೂ ಮಾತ್ರ ಹೆಸರಿಸುತ್ತದೆ. ತನ್ನನ್ನು ಹೆಣ್ಣುಮಕ್ಕಳ ವಿಭಾಗಕ್ಕೆ ಸೇರಿಸಿಕೊಳ್ಳಬೇಕೆಂದು ತಿರುವನಂತಪುರದ ಒಬ್ಬ ವಿದ್ಯಾರ್ಥಿನಿ ಕೇಳಿದಾಗ, ಕೇರಳದ ಉಚ್ಚ ನ್ಯಾಯಾಲಯವು ೨೦೨೧ರ ಮಾರ್ಚಿನಲ್ಲಿ ಆಕೆಯ ಪರವಾಗಿ ತೀರ್ಪಿತ್ತಿತು. ವಾದ ಅಲ್ಲಿಗೇ ಮುಗಿಯಲಿಲ್ಲ. ಅನಂತರವೂ ಇದೇ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದಿದೆ.

ಲೋಕದಲ್ಲಿಯೂ ಒಮ್ಮತವಿಲ್ಲ. ನೆದರ್ಲೆಂಡ್ಸ್ ದೇಶವು ೧೯೭೪ರಷ್ಟು ಹಿಂದೆಯೇ ಇವರಿಗೆ ಸೇನೆಯ ಬಾಗಿಲು ತೆರೆಯಿತು. ಕೆನಡದ ಸೇನೆಯು ೨೦೨೨ರಲ್ಲಿ ತನ್ನ ಉಡುಪಿನ ನಿಯಮಗಳನ್ನು ತಿದ್ದಿ, ಇದು ಗಂಡಸಿನದು, ಇದು ಹೆಂಗಸಿನದು ಎಂಬ ವಿಭಾಗವನ್ನು ಬಿಟ್ಟಿತು. ಕೂದಲಾಗಲಿ ಉಡುಪಾಗಲಿ ಸುರಕ್ಷತೆಗೂ ಕೆಲಸಕ್ಕೂ ಅಡ್ಡಿಯಾಗಬಾರದೆಂಬ ಷರತ್ತನ್ನು ಮಾತ್ರ ಉಳಿಸಿಕೊಂಡಿತು. ಅಮೆರಿಕವಾದರೋ ೨೦೧೬ರಲ್ಲಿ ಬಾಗಿಲು ತ‍ೆರೆದು, ೨೦೧೯ರಲ್ಲಿ ಮುಚ್ಚಿ, ೨೦೨೧ರಲ್ಲಿ ಮತ್ತೆ ತೆರೆದು, ೨೦೨೫ರಲ್ಲಿ ಮತ್ತೆ ಮುಚ್ಚಿತು. ಒಂಬತ್ತು ವರ್ಷಗಳಲ್ಲಿ ನಾಲ್ಕು ಸಲ ಬಾಗಿಲು ಆಡಿದಾಗ, ಹೊಸ್ತಿಲಲ್ಲಿ ನಿಂತ ಸೈನಿಕರ ಪಾಡೇನು ಎಂಬುದನ್ನು ಊಹಿಸಿಕೊಳ್ಳಿರಿ. ನಿಯಮವು ತಡವಾಗಿ ಬರಲಿ, ಆದರೆ ವಿಚಾರ ಮಾಡಿ ಬರಲಿ. ಬಂದ ಮೇಲೆ ನಿಲ್ಲಲಿ.

ಆದುದರಿಂದ ಆ ಬಾಲಿಕೆಗೆ ನಾನು ಕೊಟ್ಟ ಉತ್ತರವಿದು: “ನಮ್ಮ ಮೂರು ಸೇನೆಗಳ ಭರ್ತಿಯ ನಿಯಮಗಳು ಗಂಡು, ಹೆಣ್ಣು ಎಂಬ ಎರಡೇ ಕಾಲಮ್ಮುಗಳ ಮೇಲೆ ನಿಂತಿವೆ, ಮಗಳೇ. ಆದರೆ ನಿನ್ನ ಅಜ್ಜಿಯ ಕಾಲದಲ್ಲಿ ನಿನಗೂ ಅಲ್ಲಿ ಇಷ್ಟು ಸ್ಥಳವಿರಲಿಲ್ಲ.”

೬. ನಮ್ಮ ಸಾಲು

ಇಷ್ಟನ್ನು ಬರೆದು ಮುಗಿಸಿದರೆ ಪಾಠ ಅರ್ಧವಾದಂತೆ. ಸೇನೆಯ ನಿಯಮವನ್ನು ತಿದ್ದುವುದು ಸರ್ಕಾರದ ಕೆಲಸ. ಆದರೆ ಶಾಲೆಯ ಅಂಗಳದ ಸಾಲನ್ನು ಕಟ್ಟುವವರು ನಾವು. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಬೇರೊಂದು ಊರಿನ ಶಾಲೆಯಲ್ಲಿ ನಾನು ಸಹಶಿಕ್ಷಕನಾಗಿದ್ದಾಗ, ಸ್ವಾತಂತ್ರ್ಯ ದಿನದ ಕವಾಯತು ನನ್ನ ಪಾಲಿಗೆ ಬಂದಿತ್ತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗನಿದ್ದನು. ಹೆಜ್ಜೆ ತಪ್ಪುತ್ತಿರಲಿಲ್ಲ, ತಡವಾಗಿ ಬರುತ್ತಿರಲಿಲ್ಲ, ಅವನ ಅಂಗಿಯಷ್ಟು ಶುಭ್ರವಾದ ಅಂಗಿ ಆ ಸಾಲಿನಲ್ಲಿ ಮತ್ತೊಂದಿರಲಿಲ್ಲ. ಆದರೆ ಅವನ ನಡಿಗೆ ಮೆಲುವಾಗಿತ್ತು. ಕೈ ಬೀಸುವ ರೀತಿ ಬೇರೆಯಾಗಿತ್ತು. ಉಳಿದವರು ನಗುತ್ತಿದ್ದರು, ಹೆಣ್ಣಿಗನೆಂದು ಕರೆಯುತ್ತಿದ್ದರು. ನಗುವವರನ್ನು ನಿಲ್ಲಿಸಬೇಕಾಗಿದ್ದ ನಾನು ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದೆನು. “ಸಾಲು ಚೆನ್ನಾಗಿ ಕಾಣಬೇಕಪ್ಪಾ” ಎಂದೆನು. ಅವನು “ಆಗಲಿ ಸಾರ್” ಎಂದನು. ಆಗಸ್ಟ್ ೧೫ರಂದು ಸಾಲು ಚೆನ್ನಾಗಿಯೇ ಕಂಡಿತು. ನನಗೆ ಶಾಭಾಸ್ ಕೂಡ ದೊರೆಯಿತು. ದಸರೆಯ ರಜೆ ಮುಗಿದ ಮೇಲೆ ಅವನು ಶಾಲೆಗೆ ಮರಳಲಿಲ್ಲ. ಅವನ ತಂದೆ ವರ್ಗಾವಣೆ ಪತ್ರಕ್ಕಾಗಿ ಬಂದಾಗ, ಕವಾಯತಿಗೆಂದು ಶಾಲೆಯಿಂದ ಕೊಟ್ಟಿದ್ದ ಸೊಂಟಪಟ್ಟಿಯನ್ನು ಒರೆಸಿ, ಸುತ್ತಿ, ನನ್ನ ಮೇಜಿನ ಮೇಲಿಟ್ಟರು. ಒಂದು ಮಾತನ್ನೂ ಆಡಲಿಲ್ಲ. ಆ ಹುಡುಗ ಮುಂದೆ ಏನಾದನೋ ನನಗೆ ತಿಳಿಯದು. ಅವನ ಒಳಗಿನ ಅರಿವು ಏನಿತ್ತೆಂಬುದೂ ತಿಳಿಯದು. ಅದನ್ನು ತಿಳಿಯುವುದು ಕವಾಯತಿನ ಶಿಕ್ಷಕನಿಗೆ ಬೇಕಾಗಿಯೂ ಇರಲಿಲ್ಲ. ಹೆಜ್ಜೆ ತಪ್ಪಿದೆಯೇ ಎಂದಷ್ಟೇ ನಾನು ನೋಡಬೇಕಾಗಿತ್ತು. ಹೆಜ್ಜೆ ಸರಿಯಾಗಿತ್ತು.

ಪೋಷಕ ಮಹಾಶಯರೇ, ನಿಮ್ಮ ಮಗುವು ನಡೆಯುವ, ಉಡುವ, ಮಾತನಾಡುವ ರೀತಿ ಬೇರೆಯಾಗಿದೆಯೆಂದು ಕಂಡರೆ, ದಯಮಾಡಿ ಬೆತ್ತವನ್ನು ಹುಡುಕಬೇಡಿರಿ. ಹರಕೆ ಹೊತ್ತು ಬಿಡಿಸುವ ಪೀಡೆಯೂ ಅದಲ್ಲ. ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳಿರಿ. ಬೇಕಾದರೆ ತಿಳಿದ ವೈದ್ಯರನ್ನು ಕಾಣಿರಿ. ನನ್ನ ಕೋಣೆಯ ಬಾಗಿಲೂ ತೆರೆದಿದೆ. ಮನೆಯಿಂದ ಓಡಿಹೋಗುವ ಮಗುವಿಗೆ ಶಾಲೆಯೂ ತಪ್ಪುತ್ತದೆ, ಶಾಲೆ ತಪ್ಪಿದ ಮೇಲೆ ಸೇನೆಯಾಗಲಿ ಬೇರೆ ಕೆಲಸವಾಗಲಿ ದೂರದ ಮಾತಾಗುತ್ತದೆ.

ಮಕ್ಕಳೇ, ಈ ವರ್ಷದಿಂದ ನಮ್ಮ ಕವಾಯತಿನ ಸಾಲಿಗೆ ಹೆಜ್ಜೆ ಕಲಿತವರೆಲ್ಲರೂ ಸೇರಬಹುದು. ಉಗುರು ಕತ್ತರಿಸಿರಬೇಕು, ಅಂಗಿ ಒಗೆದಿರಬೇಕು, ಹೇಳಿದ ಹೊತ್ತಿಗೆ ಬಂದಿರಬೇಕು, ಹೆಜ್ಜೆ ತಪ್ಪಬಾರದು. ಈ ನಾಲ್ಕರಲ್ಲಿ ಯಾರಿಗೂ ರಿಯಾಯಿತಿಯಿಲ್ಲ. ಪಕ್ಕದವರ ನಡಿಗೆಯನ್ನು ನೋಡಿ ನಗುವವರು ಮಾತ್ರ, ನಗು ಮುಗಿಯುವ ತನಕ, ಸಾಲಿನ ಹೊರಗೆ ನಿಲ್ಲತಕ್ಕದ್ದು.

ಅಭ್ಯಾಸ

(೧) ನಮ್ಮ ಶಾಲೆಯ ಸಮವಸ್ತ್ರದ ನಿಯಮಗಳನ್ನು ಪಟ್ಟಿಮಾಡಿರಿ. ಪ್ರತಿಯೊಂದೂ ಸುರಕ್ಷತೆಯದೋ, ಗುರುತಿನದೋ, ಒಗ್ಗಟ್ಟಿನದೋ, ವಾಡಿಕೆಯದೋ ಎಂಬುದನ್ನು ಎದುರಿಗೆ ಬರೆಯಿರಿ.

(೨) ಭೂಪಟದಲ್ಲಿ ‘ತಾರಿಣಿ’ಯು ಗೋವೆಯಿಂದ ಹೊರಟು ಮರಳಿದ ಮಾರ್ಗವನ್ನು ಗುರುತಿಸಿರಿ.

(೩) ಮಹಾಭಾರತದ ಶಿಖಂಡಿಯ ಕಥೆಯನ್ನು ಮನೆಯ ಹಿರಿಯರಿಂದ ಕೇಳಿ, ನಿಮ್ಮ ಮಾತಿನಲ್ಲಿ ಒಂದು ಪುಟದಷ್ಟು ಬರೆಯಿರಿ.

(೪) ವಿಶಾಖಪಟ್ಟಣದ ನಾವಿಕರ ವಿಷಯದಲ್ಲಿ ನೀವು ನಿಯಮ ಬರೆಯುವವರಾಗಿದ್ದರೆ ಯಾವ ಏರ್ಪಾಡುಗಳನ್ನು ಮಾಡುತ್ತಿದ್ದಿರಿ? ಸೇನೆಯ ಕಷ್ಟವನ್ನೂ ನಾವಿಕರ ಕಷ್ಟವನ್ನೂ ಮರೆಯದೆ ಉತ್ತರಿಸಿರಿ.

— ಮುಖ್ಯೋಪಾಧ್ಯಾಯರು, ಬಿ. ಎ., ಬಿ. ಟಿ.